ಹಳೇ ಗೇಮ್‌ಗಳಿಗೆ ಹೊಸ ಪಾರ್ಟ್ ಬರಬೇಕಾ?

ಪರ: ನಾವು ಮೆಚ್ಚಿದ್ದೂ ಸೀಕ್ವೆಲ್‌ಗಳನ್ನೇ

ರಾತ್ರಿ ಹತ್ತೂವರೆಗೆ ಅಣ್ಣನ ಮೆಸೇಜು: "ಬಾರೇ." ಅವನ ಮನೆ ವೈಟ್‌ಫೀಲ್ಡ್, ನನ್ನದು ರಾಜರಾಜೇಶ್ವರಿ ನಗರ. ಹೆಸರಿಗೆ ಒಂದೇ ಊರು. ಸಿಲ್ಕ್ ಬೋರ್ಡ್ ದಾಟಿಕೊಂಡು ಹೋಗಿ ಬರಬೇಕೆಂದರೆ ಇಡೀ ಭಾನುವಾರ ಬೇಕು. ಆದ್ದರಿಂದ ವಾರಕ್ಕೆ ಎರಡು ರಾತ್ರಿ ನಾವು ಸಿಗುವುದು ಏಜ್ ಆಫ್ ಎಂಪೈರ್ಸ್ 2ರಲ್ಲಿ, ಊರು ಕಟ್ಟಿ ಸೈನ್ಯ ಬೆಳೆಸಿ ಕಾದಾಡುವ ಕಂಪ್ಯೂಟರ್ ಗೇಮಿನಲ್ಲಿ. ಮೊದಲ ಹತ್ತು ನಿಮಿಷ ಇಬ್ಬರದೂ ಮಾತಿಲ್ಲ. ಅವನು ಕುರಿ ಹುಡುಕುತ್ತಿರುತ್ತಾನೆ. ನಾನು ಕಾಡುಹಂದಿಗೆ ಒಂದು ಬಾಣ ಬಿಟ್ಟು, ಅದು ಬೆನ್ನಟ್ಟಿ ಬರುವಂತೆ ಕೆರಳಿಸಿ, ಟೌನ್ ಸೆಂಟರ್ ತನಕ ಎಳೆದು ತರುತ್ತಿರುತ್ತೇನೆ. ಫ್ಯೂಡಲ್ ಏಜ್ ಎಂಬ ಎರಡನೇ ಹಂತ ತಲುಪಿದ ಮೇಲೆ ಹೆಡ್‌ಫೋನಿನಲ್ಲಿ ಅವನ ದನಿ: "ಅಮ್ಮನ ಬಿಪಿ ಚೆಕ್ ಮಾಡಿಸ್ದ್ಯಾ?"

ಇದು 1999ರ ಆಟ. ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಕೊಂಡು ಜೋಡಿಸಿಕೊಂಡ ಒಂದೇ ಕಂಪ್ಯೂಟರಿನಲ್ಲಿ ನಾವಿಬ್ಬರೂ ಸರದಿಯ ಮೇಲೆ ಆಡುತ್ತಿದ್ದೆವು. ಆಗ ಅದರಲ್ಲಿ 13 ನಾಗರಿಕತೆಗಳು, ಭಾರತದ್ದು ಒಂದೂ ಇಲ್ಲ. ನಾನು ಸದಾ ಪರ್ಷಿಯನ್ನರನ್ನೇ ಆರಿಸಿಕೊಳ್ಳುತ್ತಿದ್ದೆ, ಯಾಕೆಂದರೆ ಆನೆ ಇದ್ದದ್ದು ಅವರಲ್ಲಿ ಮಾತ್ರ. ಆಟವನ್ನು ಕಟ್ಟಿದ ಎನ್ಸೆಂಬಲ್ ಸ್ಟುಡಿಯೋಸ್ 2009ರಲ್ಲಿ ಬಾಗಿಲು ಹಾಕಿತು. ಆಟವೂ ಅಲ್ಲಿಗೇ ನಿಂತುಹೋಗಬೇಕಿತ್ತು. ಬೇರೆಯವರು ಕೈ ಹಚ್ಚಿದರು. 2013ರಲ್ಲಿ ಎಚ್‌ಡಿ ಆವೃತ್ತಿ ಬಂತು, 2019ರಲ್ಲಿ ಡೆಫಿನಿಟಿವ್ ಎಡಿಷನ್, 2022ರಲ್ಲಿ ಡೈನಾಸ್ಟೀಸ್ ಆಫ್ ಇಂಡಿಯಾ ಎಂಬ ಸೇರ್ಪಡೆ. ಈಗ ದ್ರಾವಿಡರಿದ್ದಾರೆ, ಬಂಗಾಳಿಗಳಿದ್ದಾರೆ, ಗುರ್ಜರರಿದ್ದಾರೆ, ಉರುಮಿ ಎಂಬ ಬಳುಕುವ ಕತ್ತಿ ಬೀಸುವ ಯೋಧರಿದ್ದಾರೆ. ರಾಜೇಂದ್ರ ಚೋಳನ ಕ್ಯಾಂಪೇನ್, ಅಂದರೆ ಅವನ ಕತೆಯ ಕದನಗಳ ಸರಣಿ, ತೆರೆದ ರಾತ್ರಿ ಅಣ್ಣ, "ಅವ್ನು ಮಸ್ಕೀಲಿ ನಮ್ ಚಾಲುಕ್ಯರ ಮೇಲೇ ಬಂದವ್ನು ಕಣೇ" ಎಂದು ಮುನಿಸಿಕೊಂಡ. ಆದರೂ ಎರಡು ಗಂಟೆಯವರೆಗೆ ಏಳಲಿಲ್ಲ. ಪರ್ಷಿಯನ್ನರ ಆನೆಯನ್ನು ಎರವಲು ತಂದು ಆಡುತ್ತಿದ್ದ ಹುಡುಗಿಗೆ ಅದು ಎಂಥ ರಾತ್ರಿಯಾಗಿತ್ತು ಎಂದು ಹೊರಗಿನವರಿಗೆ ಹೇಳಿ ಅರ್ಥಮಾಡಿಸುವುದು ಕಷ್ಟ.

"ಹಳೇದನ್ನ ಮುಟ್ಟಬೇಡಿ" ಎನ್ನುವ ಗೆಳೆಯರಿಗೆ ನನ್ನದೊಂದು ಪ್ರಶ್ನೆ. ನೀವು ಪ್ರಾಣ ಬಿಡುವ ಆಟಗಳ ಹೆಸರು ಹೇಳಿ ನೋಡೋಣ. ಏಜ್ ಆಫ್ ಎಂಪೈರ್ಸ್ 2. ಡಯಾಬ್ಲೋ 2. ವಾರ್‌ಕ್ರಾಫ್ಟ್ 3. ರೆಸಿಡೆಂಟ್ ಈವಿಲ್ 2. ಹೆಸರಿನಲ್ಲಿ ಅಂಕಿ ಇಲ್ಲದವೂ ಬೇರೆಯಲ್ಲ. ಕಾರ್ ರೇಸಿನ ಮೋಸ್ಟ್ ವಾಂಟೆಡ್ ಬಂದದ್ದು 2005ರಲ್ಲಿ, ಅದು ಸೇರಿದ ನೀಡ್ ಫಾರ್ ಸ್ಪೀಡ್ ಸರಣಿ ಶುರುವಾದದ್ದು 1994ರಲ್ಲಿ. ಜಿಟಿಎ ಸರಣಿಯ ವೈಸ್ ಸಿಟಿಗಿಂತ ಒಂದು ವರ್ಷ ಮೊದಲೇ ಜಿಟಿಎ 3 ಬಂದಿತ್ತು. ಇವೆಲ್ಲ ಸೀಕ್ವೆಲ್‌ಗಳೇ. ಆಗಲೂ ಯಾರೋ ಹಿರಿಯ ಆಟಗಾರರು "ಮೊದಲಿನಂತಿಲ್ಲ" ಎಂದು ಮುಖ ತಿರುಗಿಸಿದ್ದರೆ ನಮಗೆ ಇವು ದಕ್ಕುತ್ತಿರಲಿಲ್ಲ. ಪ್ರಿನ್ಸ್ ಆಫ್ ಪರ್ಷಿಯಾವನ್ನೇ ನೋಡಿ. ಜೋರ್ಡನ್ ಮೆಕ್ನರ್ ತನ್ನ ತಮ್ಮ ಓಡುವುದನ್ನೂ ಜಿಗಿಯುವುದನ್ನೂ ವಿಡಿಯೊ ತೆಗೆದು, ಚೌಕಟ್ಟು ಚೌಕಟ್ಟಾಗಿ ಬಿಡಿಸಿ 1989ರಲ್ಲಿ ಕೊಟ್ಟ ಆಟ ಅದು. ನನ್ನ ಓರಗೆಯ ಎಷ್ಟೋ ಜನಕ್ಕೆ ರಾಜಕುಮಾರ ಎಂದರೆ 2003ರ ಸ್ಯಾಂಡ್ಸ್ ಆಫ್ ಟೈಮ್‌ನವನು, ಗೋಡೆಯ ಮೇಲೆ ಓಡುವವನು, ತಪ್ಪಿ ಬಿದ್ದರೆ ಕಾಲವನ್ನೇ ಹಿಂದಕ್ಕೆ ತಿರುಗಿಸುವವನು. ಅದೂ ಮೆಕ್ನರ್ ಜೊತೆ ಹೊಸ ಕೈಗಳು ಸೇರಿ ಮಾಡಿದ ಹೊಸ ಪಾರ್ಟೇ.

ಇನ್ನೊಂದು ಮಾತು. ಮೂಲದವರು ಮಾಡಿದರೆ ಮಾತ್ರ ಜೀವ ಇರುತ್ತದೆ ಎಂಬುದೂ ಸುಳ್ಳು. 1993ರ ಡೂಮ್‌ನ ಜೀವಾಳ ವೇಗ, ಓಡುತ್ತಲೇ ಗುಂಡು ಹಾರಿಸುವ ಆಟ ಅದು. ಅದೇ ಐಡಿ ಸಾಫ್ಟ್‌ವೇರ್ 2004ರಲ್ಲಿ ಡೂಮ್ 3 ಕೊಟ್ಟಾಗ ಕತ್ತಲೆ ಕಾರಿಡಾರು, ನಿಧಾನದ ನಡಿಗೆ. ಟಾರ್ಚ್ ಹಿಡಿದರೆ ಗನ್ ಇಲ್ಲ, ಗನ್ ಹಿಡಿದರೆ ಟಾರ್ಚ್ ಇಲ್ಲ. ಮರೆತುಹೋದ ಆ ವೇಗವನ್ನು ಮರಳಿ ತಂದದ್ದು ಅದೇ ಸ್ಟುಡಿಯೊದಲ್ಲಿ ಬಹುಪಾಲು ಹೊಸಬರು ಮಾಡಿದ 2016ರ ಡೂಮ್. ಅದರಲ್ಲಿ ಪ್ರಾಣ ಕಡಿಮೆಯಾದರೆ ಮೂಲೆ ಸೇರಿ ಕಾಯುವಂತಿಲ್ಲ, ಶತ್ರುವಿನ ಮೈಮೇಲೆ ಬಿದ್ದು ಕಿತ್ತುಕೊಳ್ಳಬೇಕು. ಹಳೆಯ ಆಟವನ್ನು ಯಾರೋ ಕೂತು ಮನಸ್ಸಿಟ್ಟು ಓದಿದ್ದಾರೆ ಎಂದು ಮೊದಲ ಅರ್ಧ ಗಂಟೆಯಲ್ಲೇ ಗೊತ್ತಾಗುತ್ತದೆ. ಬಾಲ್ಡರ್ಸ್ ಗೇಟ್ 3 ಕೂಡ ಹಾಗೆಯೇ. ಎರಡನೆಯದು ಬಂದು 23 ವರ್ಷಗಳಾದ ಮೇಲೆ, 2023ರಲ್ಲಿ, ಲಾರಿಯನ್ ಎಂಬ ಬೇರೆಯೇ ಸ್ಟುಡಿಯೊ ಮಾಡಿದ್ದು. ಸರದಿಯ ಮೇಲೆ ಹೊಡೆದಾಡುವ ಪದ್ಧತಿ ತಂದರು ಎಂದು ಹಳಬರು ಮೊದಮೊದಲು ಸಿಡುಕಿದರು. ಪೂರ್ತಿ ಆಟ ಬಂದ ಮೇಲೆ ಆ ಮಾತು ಕ್ಷೀಣವಾಯಿತು.

ಮುಟ್ಟದೆ ಬಿಟ್ಟರೆ ಹಳೆಯ ಆಟ ಹಾಗೇ ಉಳಿಯುತ್ತದೆಯೇ? ಪುಸ್ತಕವಾದರೆ ಉಳಿದೀತು. 2000ದ ಸುಮಾರಿಗೆ ಎಷ್ಟೋ ಗೇಮ್ ಸಿಡಿಗಳ ಮೇಲೆ ಸೇಫ್‌ಡಿಸ್ಕ್ ಎಂಬ ನಕಲು ತಡೆಯುವ ಬೀಗ ಇರುತ್ತಿತ್ತು. ವಿಂಡೋಸ್ 10ರಲ್ಲಿ ಆ ಬೀಗಕ್ಕೆ ಜಾಗವೇ ಇಲ್ಲ. ದುಡ್ಡು ಕೊಟ್ಟು ತಂದ ಅಸಲಿ ಸಿಡಿಯೇ ಓಡುವುದಿಲ್ಲ. ನಮ್ಮ ಮನೆಯ ಶೋಕೇಸಿನಲ್ಲಿ ಹಾಗೆ ಸತ್ತ ಸಿಡಿಗಳು ನಾಲ್ಕಿವೆ.

ನಮ್ಮೂರಿಗೂ ಇದರಲ್ಲಿ ಪಾಲಿದೆ. 1997ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ಎಂಬ ಗೇಮ್ ಸ್ಟುಡಿಯೊ 2019ರಲ್ಲಿ ಜಿಟಿಎ ಮಾಡುವ ಕಂಪನಿಯ ರಾಕ್‌ಸ್ಟಾರ್ ಇಂಡಿಯಾ ಜೊತೆ ಸೇರಿತು. ರೆಡ್ ಡೆಡ್ ರಿಡೆಂಪ್ಶನ್ 2ರ ಕೊನೆಯಲ್ಲಿ ಓಡುವ ಹೆಸರುಗಳ ಪಟ್ಟಿಯಲ್ಲಿ ರಾಕ್‌ಸ್ಟಾರ್ ಇಂಡಿಯಾದವರಿದ್ದಾರೆ. ಅಷ್ಟು ದೊಡ್ಡ ಕೆಲಸ ಹುಟ್ಟುವುದು ಜನ ಕಾದು ಕೂತ ಹೆಸರುಗಳಿಂದಲೇ.

ಅಣ್ಣನ ಮಗನಿಗೆ ಹದಿಮೂರು. ಅವನು ಮೊದಲು ಆಡಿದ್ದು 2021ರ ಏಜ್ ಆಫ್ ಎಂಪೈರ್ಸ್ 4, ಅದರಲ್ಲೂ ಆನೆಗಳಿರುವ ದೆಹಲಿ ಸುಲ್ತಾನರನ್ನು. ಅದರ ರುಚಿ ಹತ್ತಿ, ಅಪ್ಪ ರಾತ್ರಿ ಆಡುವುದೇನು ಎಂದು ಬಗ್ಗಿ ನೋಡಿದ. ಕಳೆದ ತಿಂಗಳಿಂದ ಶನಿವಾರ ನಾವು ಮೂವರು. "ಅತ್ತೆ, ನಿಮ್ ಕಡೆ ಕಲ್ಲು ಎಲ್ಲಿದೆ?" ಎಂದು ಕೇಳುತ್ತಾನೆ, ನನ್ನ ಕೋಟೆಗೆ ಎಂದು ಕಾದಿಟ್ಟ ಗಣಿ ಅವನ ಕಣ್ಣಿಗೆ ಬೀಳುವ ಮುಂಚೆ.

ವಿರೋಧ: ಹೊಸದು ಬಂದು ಹಳೆಯದರ ಮೇಲೇ ಕೂರುತ್ತದೆ

ಹೊಸದು ಹಳೆಯದರ ಪಕ್ಕದಲ್ಲಿ ಬಂದು ಕೂತರೆ ನನ್ನದೇನೂ ತಕರಾರಿಲ್ಲ. ಆದರೆ ಅದು ಪಕ್ಕದಲ್ಲಿ ಕೂರುವುದಿಲ್ಲ.

ವಿಜಯನಗರದಲ್ಲಿ ಬೇಕರಿಯ ಮೇಲಿನ ಮಹಡಿಯಲ್ಲಿ ನಮ್ಮ ಸೈಬರ್ ಇತ್ತು. ಗಂಟೆಗೆ 20 ರೂಪಾಯಿ, ಹತ್ತು ಮಷೀನು, ಕೆಳಗಿನಿಂದ ಬನ್ನಿನ ವಾಸನೆ. ಕಾಲೇಜು ಬಿಟ್ಟ ಮೇಲೆ ಐದು ಜನ ಈ ಕಡೆ, ಐದು ಜನ ಆ ಕಡೆ, ಆಡುತ್ತಿದ್ದದ್ದು ಡೋಟಾ ಎಂಬ ಆಟ. ಹೊಸಬರಿಗೆ ಗೊತ್ತಿರಲಿಕ್ಕಿಲ್ಲ, ಡೋಟಾವನ್ನು ಯಾವ ಕಂಪನಿಯೂ ಮಾಡಿದ್ದಲ್ಲ. ಬ್ಲಿಜಾರ್ಡ್‌ನ ವಾರ್‌ಕ್ರಾಫ್ಟ್ 3 2002ರಲ್ಲಿ ಬಂದಾಗ ಅದರ ಜೊತೆ ಮ್ಯಾಪ್, ಅಂದರೆ ಆಟದ ಕಣ, ಕಟ್ಟುವ ಸಲಕರಣೆಯನ್ನೂ ಕೊಟ್ಟಿದ್ದರು. ಅದನ್ನು ಹಿಡಿದು ಒಬ್ಬ ಆಟಗಾರ ಶುರುಮಾಡಿದ, ಇನ್ನೊಬ್ಬ ಮುಂದುವರಿಸಿದ, ಮತ್ತೊಬ್ಬ ತಿದ್ದಿದ. ಸಂಬಳವಿಲ್ಲ, ಹೆಸರಿನ ಹಂಬಲವೂ ಇಲ್ಲ. ಕೆಲವೇ ಎಂಬಿಯ ಒಂದು ಫೈಲು. ಹೊಸ ಆವೃತ್ತಿ ಬಂತೆಂದರೆ ಯಾರಾದರೂ ಪೆನ್‌ಡ್ರೈವಿನಲ್ಲಿ ತರುತ್ತಿದ್ದರು. ಸೈಬರ್ ಅಂಕಲ್ ಹತ್ತೂ ಮಷೀನಿಗೆ ಒಂದೊಂದಾಗಿ ಹಾಕಿ ಮುಗಿಸುವವರೆಗೆ ನಾವು ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದೆವು. ಇಂದು ಕೋಟಿಗಟ್ಟಲೆ ಬಹುಮಾನ ಇಟ್ಟು ಆಡಿಸುವ ಒಂದು ಬಗೆಯ ಆಟವೇ ಆ ಫೈಲಿನ ಬಸಿರಿನಿಂದ ಬಂದದ್ದು.

2020ರ ಜನವರಿ 28ಕ್ಕೆ ವಾರ್‌ಕ್ರಾಫ್ಟ್ 3 ರೀಫೋರ್ಜ್ಡ್ ಬಂತು, ಅದೇ ಆಟದ ಹೊಸ ರೂಪ. ಅದನ್ನು ಕೊಳ್ಳದವರಿಗೂ ಬಂತು! 2002ರ ಆಟವನ್ನು ಇಟ್ಟುಕೊಂಡು ಆನ್‌ಲೈನ್ ಆಡುತ್ತಿದ್ದವರೂ ಹಲವು ಗಿಗಾಬೈಟ್‌ಗಳ ಹೊಸ ಪ್ರೋಗ್ರಾಂ ಇಳಿಸಿಕೊಳ್ಳಲೇಬೇಕಾಯಿತು. ಇಳಿಸಿಕೊಂಡು ನೋಡಿದರೆ ಹಳೆಯದರಲ್ಲಿ ಇದ್ದದ್ದೇ ಇಲ್ಲ: ರ‍್ಯಾಂಕಿನ ಲ್ಯಾಡರ್ ಇಲ್ಲ, ಕ್ಲಾನ್ ಎಂಬ ಆಟಗಾರರ ಬಳಗ ಇಲ್ಲ, ಆಟಗಾರರು ಕಟ್ಟಿದ ಕ್ಯಾಂಪೇನ್‌ಗಳಿಗೆ ಜಾಗ ಇಲ್ಲ. ಜೊತೆಗೆ ಹೊಸ ನಿಯಮವೊಂದು: ಆಟಗಾರರು ಕಟ್ಟುವ ಮ್ಯಾಪುಗಳ ಹಕ್ಕು ಕಂಪನಿಯದು. ಡೋಟಾದಂಥದ್ದು ಇನ್ನೊಮ್ಮೆ ಕೈತಪ್ಪಬಾರದು ಎಂಬುದು ಅದರ ಅರ್ಥ ಎಂದು ನಾನಂತೂ ಓದಿಕೊಂಡೆ. ಗಲಾಟೆಯಾಗಿ, ಕೊಂಡವರಿಗೆ ಹಣ ವಾಪಸ್ ಕೊಟ್ಟರು. ಲ್ಯಾಡರ್ ಇತ್ಯಾದಿ ವರ್ಷಗಳ ಮೇಲೆ ಒಂದೊಂದಾಗಿ ಮರಳಿದವು. ಮೊದಲೇ ನಮ್ಮ ಬಳಿ ಇದ್ದುದನ್ನು ನಮಗೆ ಕಂತಿನಲ್ಲಿ ಹಿಂತಿರುಗಿಸಿದಂತೆ.

ಅದು ಸೀಕ್ವೆಲ್ ಅಲ್ಲ, ರೀಮೇಕ್ ಎನ್ನುತ್ತೀರಿ. ಸರಿ, ಸೀಕ್ವೆಲ್ಲನ್ನೇ ನೋಡೋಣ. ಕೌಂಟರ್-ಸ್ಟ್ರೈಕ್ 2 2023ರ ಸೆಪ್ಟೆಂಬರ್ 27ಕ್ಕೆ ಬಂದಾಗ 2012ರಿಂದ ನಡೆಯುತ್ತಿದ್ದ ಅದೇ ಗುಂಡಿನ ಕಾಳಗದ ಸರಣಿಯ ಹಿಂದಿನ ಆಟ ಸಿಎಸ್: ಗೋ ಜಾಗಕ್ಕೇ ಬಂತು. ಮ್ಯಾಕ್‌ನಲ್ಲಿ ಆಡುತ್ತಿದ್ದವರು ಹೊರಗುಳಿದರು, ಡೇಂಜರ್ ಝೋನ್ ಎಂಬ ಇಡೀ ಆಟದ ಬಗೆಯೇ ಮಾಯ. ಜಿಟಿಎ ಸರಣಿಯ ಹಳೆಯ ಮೂರು ಆಟಗಳ ಹೊಸ ಕಟ್ಟು 2021ರ ನವೆಂಬರಿನಲ್ಲಿ ಬರುವ ಮುಂಚೆ ಅಸಲಿ ಮೂರನ್ನೂ ಆನ್‌ಲೈನ್ ಅಂಗಡಿಗಳಿಂದ ತೆಗೆದಿದ್ದರು. ಹೊಸದು ಬಿಡುಗಡೆಯಾದಾಗ ಅದರಲ್ಲಿ ಮಳೆ ಬಂದರೆ ಬಿಳಿ ಗೆರೆಗಳಲ್ಲಿ ರಸ್ತೆಯೇ ಕಾಣುತ್ತಿರಲಿಲ್ಲ. ಕ್ಷಮೆ ಕೇಳಿ, ಪಿಸಿಯ ಹಳೆಯ ಆವೃತ್ತಿಗಳನ್ನು ತಮ್ಮ ಅಂಗಡಿಗೆ ಮತ್ತೆ ತಂದರು. 2012ರಲ್ಲಿ ಬಂದ ಇನ್ನೊಂದು ರೇಸಿಂಗ್ ಆಟವಂತೂ ಹೆಸರನ್ನೇ ಎತ್ತಿಕೊಂಡಿತು, ಅದೇ ಮೋಸ್ಟ್ ವಾಂಟೆಡ್. ಆದರೆ 2005ರ ಆಟದ ಖಳ ರೇಜರ್ ಇಲ್ಲ, ಹದಿನೈದು ಜನರ ಬ್ಲ್ಯಾಕ್‌ಲಿಸ್ಟಿನ ಹಗೆತನದ ಕತೆ ಇಲ್ಲ. ಚೆನ್ನಾಗಿಯೇ ಓಡುವ ಕಾರುಗಳು, ಒಪ್ಪುತ್ತೇನೆ. ಬೇರೆ ಹೆಸರಿಡಬಹುದಿತ್ತು.

ನಮ್ಮ ಮೆಚ್ಚಿನ ಆಟಗಳಿಗೂ ಎರಡು, ಮೂರು ಎಂಬ ಅಂಕಿ ಇರಲಿಲ್ಲವೇ ಎಂದು ಕೇಳುತ್ತಾರೆ. ಇತ್ತು. ಏಜ್ ಆಫ್ ಎಂಪೈರ್ಸ್ 1997ರದ್ದು, ಎರಡನೆಯದು 1999ರದ್ದು. ನಡುವೆ ಎರಡೇ ವರ್ಷ, ಅದೇ ಸ್ಟುಡಿಯೊ. ಮೊದಲನೆಯದರಲ್ಲಿ ಮಾಡಲಾಗದೆ ಉಳಿದದ್ದನ್ನು ಅವರೇ ಮುಂದೆ ಮಾಡಿದರು. ಅದೇ ಉಸಿರಿನ ಮುಂದಿನ ಮಾತು ಅದು. ಡಯಾಬ್ಲೋ 2 ಮತ್ತು 3ರ ನಡುವೆ 12 ವರ್ಷ. ಮೊದಲೆರಡನ್ನು ಕಟ್ಟಿದ ಬ್ಲಿಜಾರ್ಡ್ ನಾರ್ತ್‌ನ ಮುಖ್ಯರು 2003ರಲ್ಲೇ ಹೊರಟಿದ್ದರು, 2005ರಲ್ಲಿ ಆ ಕಚೇರಿಯೂ ಮುಚ್ಚಿತ್ತು. 2012ರಲ್ಲಿ ಬಂದ ಮೂರನೆಯದರಲ್ಲಿ ರಾಕ್ಷಸನನ್ನು ಕೊಂದು ಸಿಕ್ಕ ಕತ್ತಿಯನ್ನು ನಿಜವಾದ ದುಡ್ಡಿಗೆ ಹರಾಜು ಹಾಕುವ ಅಂಗಡಿ ಇತ್ತು, ಒಬ್ಬನೇ ಕೂತು ಆಡಲೂ ಇಂಟರ್ನೆಟ್ ಬೇಕಿತ್ತು. ಹರಾಜನ್ನು 2014ರಲ್ಲಿ ಮುಚ್ಚಿದರು ನಿಜ. ಅದನ್ನು ತೆರೆಯುವ ಯೋಚನೆ ಬಂದದ್ದಾದರೂ ಯಾಕೆ?

ಹಳೆಯ ಆಟಕ್ಕೆ ಹೊಸ ಉಸಿರು ಬೇಡ ಎಂದಲ್ಲ. ಉಸಿರು ಕೊಡಲು ಬೇರೆ ದಾರಿ ಇದೆ ಎನ್ನುತ್ತಿದ್ದೇನೆ. ಸ್ಕೂಲಿನ ಕಂಪ್ಯೂಟರ್ ಲ್ಯಾಬಿನಲ್ಲಿ ಡೇವ್ ಆಡಿದ್ದು ನೆನಪಿದೆಯಲ್ಲ? ಕೆಂಪು ಟೋಪಿ, ವಜ್ರ, ಕಪ್ ಹಿಡಿದು ಬಾಗಿಲಿಗೆ ಓಟ. ಡೇಂಜರಸ್ ಡೇವ್ ಮಾಡಿದ ಜಾನ್ ರೊಮೆರೊನೇ ಮುಂದೆ ಡೂಮ್ ಮಾಡಿದವರಲ್ಲಿ ಒಬ್ಬ. ಡೂಮ್ ಬಂದ ನಾಲ್ಕೇ ವರ್ಷಕ್ಕೆ, 1997ರಲ್ಲಿ, ಅದರ ಸೋರ್ಸ್ ಕೋಡ್ ಅನ್ನು, ಅಂದರೆ ಪ್ರೋಗ್ರಾಮಿನ ಮೂಲ ಬರಹವನ್ನು, ಎಲ್ಲರಿಗೂ ಬಿಟ್ಟುಕೊಟ್ಟರು. ಅಲ್ಲಿಂದೀಚೆಗೆ ಅದನ್ನು ಓಡಿಸದ ಯಂತ್ರ ಇಲ್ಲ; ಯಾವ ಬೀಗವೂ ಅದನ್ನು ಕೊಲ್ಲಲಾರದು. 2019ರಲ್ಲಿ ರೊಮೆರೊ ಅದೇ 1993ರ ಆಟಕ್ಕೆ ಸಿಜಿಲ್ ಎಂಬ ಹೊಸ ಅಧ್ಯಾಯ ಕೊಟ್ಟ, ಒಂಬತ್ತು ಲೆವೆಲ್, ಪುಕ್ಕಟೆಯಾಗಿಯೂ ಸಿಗುತ್ತದೆ. ಹೊಸ ಎಂಜಿನ್ ಇಲ್ಲ, ಹೊಸ ಅಂಗಡಿ ಇಲ್ಲ, ಹಳೆಯದರ ಒಂದು ಇಟ್ಟಿಗೆಯೂ ಅಲುಗಲಿಲ್ಲ. 2016ರ ಡೂಮ್ ನನಗೂ ಇಷ್ಟ. ಅದು ಬಂದರೂ ಹಳೆಯ ಡೂಮ್ ಎಲ್ಲಿಗೂ ಹೋಗಲಿಲ್ಲ, ಯಾಕೆಂದರೆ ಅದು ಆಗಲೇ ಜನರ ಕೈಗೆ ಹೋಗಿಯಾಗಿತ್ತು. ಏಜ್ 2ರ ಡೆಫಿನಿಟಿವ್ ಎಡಿಷನ್ ಕೂಡ ಚೆಂದವೇ. ಅದು ಹಳೇ ಮನೆಗೆ ಸುಣ್ಣ ಬಳಿದು ಎರಡು ಕೋಣೆ ಸೇರಿಸಿದ್ದು, ಮನೆ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸಿದ್ದಲ್ಲ. ಈ ಎರಡರ ವ್ಯತ್ಯಾಸ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ತಿಂಗಳಿಗೊಮ್ಮೆ ನಾಗರಭಾವಿಯ ಗೆಳೆಯನ ಮನೆಯ ಹಾಲ್‌ನಲ್ಲಿ ನಾವು ಆರು ಜನ ಸೇರುತ್ತೇವೆ. ಸೋಫಾ ಗೋಡೆಗೆ ಒತ್ತಿ, ಚಾಪೆ ಹಾಸಿ, ನಡುವೆ ಎಂಟು ಪೋರ್ಟಿನ ಒಂದು ನೆಟ್‌ವರ್ಕ್ ಸ್ವಿಚ್ಚು, ಅದರಿಂದ ಆರೂ ಲ್ಯಾಪ್‌ಟಾಪಿಗೆ ನೀಲಿ ಕೇಬಲ್ಲು. ಆಡುವುದು ಸಿಎಸ್ 1.6, ಹಳೇ ಕೌಂಟರ್-ಸ್ಟ್ರೈಕ್. ಒಬ್ಬ ಸರ್ವರ್ ತೆರೆದು ತನ್ನ ಐಪಿ ನಂಬರನ್ನು ಕೂಗಿ ಹೇಳುತ್ತಾನೆ, ಉಳಿದವರು ಕನ್ಸೋಲಿನಲ್ಲಿ ಕನೆಕ್ಟ್ ಎಂದು ಬರೆದು ಅದನ್ನು ಹೊಡೆಯುತ್ತೇವೆ. ಲಾಗಿನ್ ಇಲ್ಲ, ಅಪ್‌ಡೇಟ್ ಇಲ್ಲ. ಹೋದ ಸಲ ಮಳೆಗೆ ಇಡೀ ಬೀದಿಯ ನೆಟ್ ಹೋಗಿತ್ತಂತೆ. ಊಟಕ್ಕೆ ಎದ್ದಾಗ ಅವನ ಹೆಂಡತಿ ಹೇಳಿದ ಮೇಲೇ ನಮಗೆ ಗೊತ್ತಾದದ್ದು.