ರೆಕ್ಕೆಯ ಗೆರೆ ಉಜ್ಜಬೇಡಿ

ಪೋಲೆಂಡಿನ ಪಿ.11ಸಿ ಯುದ್ಧವಿಮಾನದ ಮಾಡೆಲ್ ಕಟ್ಟುವವರಿಗೆ ನಾನು ಹೇಳುವುದು ಮುಖ್ಯವಾಗಿ ಒಂದೇ ಮಾತು: ರೆಕ್ಕೆಗೆ ಸ್ಯಾಂಡ್‌ಪೇಪರ್ ಮುಟ್ಟಿಸಬೇಡಿ. ಉಜ್ಜಿದ ಮಾಡೆಲ್‌ಗಳಲ್ಲಿ ಬಣ್ಣ ಚೆನ್ನಾಗಿ ಬಂದಿರುತ್ತದೆ, ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಗುರುತಿನ ಚಿತ್ರ) ನೇರ ಕೂತಿರುತ್ತದೆ, ಆದರೆ ರೆಕ್ಕೆಯ ಅಂಚಿನುದ್ದಕ್ಕೂ ಗೆರೆಗಳು ಸವೆದು ನುಣ್ಣಗಾಗಿರುತ್ತವೆ. ನೋಡಿದರೆ ಸಂಕಟವಾಗುತ್ತದೆ.

ಈ ವಿಮಾನದ ಜೀವ ಇರುವುದೇ ರೆಕ್ಕೆಯಲ್ಲಿ. ವಿನ್ಯಾಸಕ ಝಿಗ್ಮುಂಟ್ ಪುವಾಫ್‌ಸ್ಕಿ ಪೈಲಟ್‌ಗೆ ಮುಂದಿನ ನೋಟ ಸಿಗಲಿ ಅಂತ ರೆಕ್ಕೆಯನ್ನು ಬುಡದಲ್ಲಿ ತೆಳ್ಳಗೆ ಮಾಡಿ, ಕಡಲಹಕ್ಕಿಯ ರೆಕ್ಕೆಯ ಹಾಗೆ ಮೇಲಕ್ಕೆ ಬಾಗಿಸಿದರು. ಅದರ ಮೇಲಿನ ಹೊದಿಕೆ ಸಣ್ಣ ಸಣ್ಣ ಏಣುಗಳಿರುವ ಡ್ಯುರಾಲ್ಯುಮಿನ್ (ಅಲ್ಯುಮಿನಿಯಂ ಮಿಶ್ರಲೋಹ) ತಗಡು. ಮಾಡೆಲ್‌ನಲ್ಲಿ ಗೆರೆಗಳಾಗಿ ಕಾಣುವುದು ಈ ಏಣುಗಳೇ. 1931ರಲ್ಲಿ ಅವರು ವಿಮಾನ ಅಪಘಾತದಲ್ಲಿ ತೀರಿಕೊಂಡ ಮೇಲೂ ಆ ರೆಕ್ಕೆ ಉಳಿಯಿತು.

ನಿಜವಾದ ರೆಕ್ಕೆಯ ಅಗಲ 10.72 ಮೀಟರ್. 1/72 ಅಳತೆಯ ಮಾಡೆಲ್‌ನಲ್ಲಿ, ಅಂದರೆ ನಿಜದ 72ನೇ ಒಂದು ಭಾಗದಲ್ಲಿ, ಅದು 15 ಸೆಂಟಿಮೀಟರಿಗೆ ಕೂದಲೆಳೆ ಕಡಿಮೆ, 1/48ರಲ್ಲಿ 22.3. ಪೋಲೆಂಡಿನದೇ ಕಂಪನಿ ಆರ್ಮಾ ಹಾಬಿ ಎರಡೂ ಅಳತೆಯಲ್ಲಿ ಕಿಟ್ ಮಾಡಿದೆ. ಮೊದಲ ಸಲ ಕಟ್ಟುವವರು 1/48 ತಗೊಳ್ಳಿ, ಕೈಗೆ ಹಿಡಿತ ಸಿಗುತ್ತದೆ.

ರೆಕ್ಕೆಯ ಎರಡು ಹೋಳು ಸೇರಿಸುವಾಗ ತೆಳು ಸಿಮೆಂಟನ್ನು (ಪ್ಲಾಸ್ಟಿಕ್ ಕರಗಿಸಿ ಬೆಸೆಯುವ ನೀರಿನಂಥ ಅಂಟು) ಬ್ರಷ್ ತುದಿಯಲ್ಲಷ್ಟೇ ತಗೊಳ್ಳಿ. ಗೆರೆಗಳ ನಡುವಿನ ಸಂದು ಅಂಟನ್ನು ಬತ್ತಿಯ ಹಾಗೆ ಎಳೆದುಕೊಳ್ಳುತ್ತದೆ. ಅಲ್ಲಿ ನಿಮ್ಮ ಬೆರಳಿದ್ದರೆ ಪ್ಲಾಸ್ಟಿಕ್ ಕರಗಿ ಬೆರಳಚ್ಚು ಬೀಳುತ್ತದೆ, ಮಾಸ್ಕಿಂಗ್ ಟೇಪ್ ಇದ್ದರೆ ಅಂಟು ಅದರಡಿ ನುಗ್ಗುತ್ತದೆ. ಹಾಗಾಗಿ ಜೋಡಣೆಯಿಂದ ದೂರ ಹಿಡಿದು, ಒಂದು ದಿನ ಪೂರ್ತಿ ಒಣಗಲು ಬಿಡಿ. ಆಮೇಲೆ ಜೋಡಣೆಯ ಎರಡೂ ಬದಿ ಟೇಪ್ ಅಂಟಿಸಿ, ಬ್ಲೇಡನ್ನು ನೆಟ್ಟಗೆ ಹಿಡಿದು ಉಬ್ಬಿದ್ದನ್ನು ಮಾತ್ರ ಹೆರೆಯಿರಿ. ಎಲ್ಲಾದರೂ ಏಣು ಅಳಿಸಿಹೋದರೆ, ಸ್ಪ್ರೂ (ಕಿಟ್‌ನ ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಕಡ್ಡಿ) ಕಾಯಿಸಿ ಎಳೆದ ದಾರವನ್ನು ಅದರ ಜಾಗದಲ್ಲಿ ಅಂಟಿಸಿ. ಪುಟ್ಟಿ ಬೇಡ, ಅದು ಪಕ್ಕದ ಸಂದುಗಳನ್ನೂ ಮುಚ್ಚಿಬಿಡುತ್ತದೆ.

ಆಮೇಲೆ ಆಸರೆ ಕಡ್ಡಿಗಳು, ಒಂದೊಂದು ಬದಿಗೆ ಎರಡೆರಡು. ರೆಕ್ಕೆ ಕೂರಿಸಿ, ಎರಡೂ ತುದಿ ಮೇಜಿನಿಂದ ಒಂದೇ ಎತ್ತರದಲ್ಲಿವೆಯೇ ಅಂತ ಸ್ಕೇಲ್ ಇಟ್ಟು ನೋಡಿ, ಅಂಟು ಗಟ್ಟಿಯಾಗುವ ಮೊದಲೇ ಕಡ್ಡಿಗಳನ್ನು ಸುಮ್ಮನೆ ಹಿಡಿದು ಅಳೆಯಿರಿ. ಕಡ್ಡಿ ಅರ್ಧ ಮಿಲಿಮೀಟರ್ ಉದ್ದವಾಯಿತು ಅನಿಸಿದರೆ ಕತ್ತರಿಸಬೇಡಿ. ತಪ್ಪು ಕಡ್ಡಿಯದಲ್ಲ, ರೆಕ್ಕೆ ಕೂತ ಕೋನದ್ದು.

ಮೇಲಿನ ಬಣ್ಣ ಪೋಲಿಷ್ ಖಾಕಿ: ಹಸಿರು, ಕಂದು ಎರಡೂ ಸೇರಿದ್ದು. ಅಮೆರಿಕದ ಸೇನೆಯ ಆಲಿವ್ ಡ್ರ್ಯಾಬ್ ಬಣ್ಣ ಹಾಗೇ ಬಳಿದರೆ ಸರಿಹೋಗುವುದಿಲ್ಲ. ಕೆಳಗಡೆ ತಿಳಿನೀಲಿ. ತೆಳುವಾಗಿ ಮೂರು ನಾಲ್ಕು ಪದರ ಹೊಡೆಯಿರಿ, ಒಂದೇ ದಪ್ಪ ಪದರವಾದರೆ ಸಂದು ತುಂಬುತ್ತದೆ. ಸಂದುಗಳಿಗೆ ಇಳಿಬಿಡುವ ನೀರುನೀರಾದ ಕಪ್ಪು ಬಣ್ಣ, ಅಂದರೆ ಕಪ್ಪು ವಾಷ್, ಬೇಡವೇ ಬೇಡ. ಹಾಕಿದರೆ ರೆಕ್ಕೆ ಹಳೇ ಜಿಂಕ್ ಶೀಟ್ ಮಾಡಿನ ಹಾಗೆ ಕಾಣುತ್ತದೆ. ಖಾಕಿಗಿಂತ ಒಂದು ಛಾಯೆ ಗಾಢವಾದ ಕಂದು ಸಾಕು.

ಚದುರಂಗದ ಮನೆಗಳಂಥ ಲಾಂಛನದಲ್ಲಿ ಬಹಳ ಜನ ಎಡವುತ್ತಾರೆ. ಈಗಿನ ಪೋಲಿಷ್ ವಿಮಾನಗಳಲ್ಲಿ ಎಡಗಡೆಯ ಮೇಲಿನ ಮನೆ ಬಿಳಿ. 1993ಕ್ಕೆ ಮೊದಲು ಅಲ್ಲಿ ಕೆಂಪು ಇತ್ತು. 1939ರ ವಿಮಾನಕ್ಕೆ ಕೆಂಪೇ ಸರಿ. ಆ ವರ್ಷ ಸೆಪ್ಟೆಂಬರ್ 1ರ ಬೆಳಿಗ್ಗೆ, ಪೋಲೆಂಡಿನ ಮೇಲೆ ಜರ್ಮನ್ ದಾಳಿ ಶುರುವಾದ ದಿನ, ಕ್ರಾಕೋವ್ ಬಳಿ ಪೋಲಿಷ್ ಪೈಲಟ್ ಕ್ಯಾಪ್ಟನ್ ಮೆದ್ವೆಟ್ಸ್ಕಿ ಪ್ರಾಣ ಬಿಟ್ಟದ್ದು ಇದೇ ಪಿ.11ಸಿಯಲ್ಲಿ. ಅಂಥ ವಿಮಾನದ ಮೇಲೆ ಲಾಂಛನ ಉಲ್ಟಾ ಬೀಳಬಾರದು.

ಡೆಕಾಲ್‌ಗೆ ಮೊದಲು ಹೊಳಪಿನ ಪಾರದರ್ಶಕ ಪದರ (ಗ್ಲಾಸ್ ಕೋಟ್) ಬೇಕು, ಇಲ್ಲದಿದ್ದರೆ ಸಂದುಗಳಲ್ಲಿ ಗಾಳಿ ಸಿಕ್ಕಿ ಬೆಳ್ಳಗೆ ಹೊಳೆಯುತ್ತದೆ. ಜಾಗಕ್ಕೆ ಕೂರಿಸಿ ಡೆಕಾಲನ್ನು ಮೆತ್ತಗೆ ಮಾಡುವ ಮೈಕ್ರೋ ಸೋಲ್ ದ್ರವ ಸವರಿದ ಮೇಲೆ ಡೆಕಾಲ್ ಸುಕ್ಕಾಗುತ್ತದೆ. ಗಾಬರಿಯಾಗಿ ಮುಟ್ಟಿದರೆ ಹರಿಯುತ್ತದೆ. ಬಿಟ್ಟರೆ ತಾನೇ ಇಳಿದು ಗೆರೆಗಳಿಗೆ ಅಂಟಿಕೊಳ್ಳುತ್ತದೆ. ಎಲ್ಲಾದರೂ ಗುಳ್ಳೆ ಉಳಿದರೆ ಒಣಗಿದ ಮೇಲೆ ಸೂಜಿಯಿಂದ ಚುಚ್ಚಿ, ಅಲ್ಲಿಗೆ ಇನ್ನೊಂದು ಹನಿ ಬಿಡಿ.