ಆ ಹಾಡನ್ನು ಜಾರ್ಜ್ ಜೋನ್ಸ್ ಬರೆದದ್ದಲ್ಲ

ಅಮೆರಿಕದ ಕಂಟ್ರಿ (ಅಲ್ಲಿನ ಹಳ್ಳಿಗಾಡಿನ ಶೈಲಿಯ ಸಂಗೀತ) ಗಾಯಕ ಜಾರ್ಜ್ ಜೋನ್ಸ್ ಬಗ್ಗೆ ಒಂದು ಮೆಸೇಜ್ ಓಡಾಡ್ತಾ ಇದೆ. ಹೆಂಡತಿ ಟ್ಯಾಮಿ ವೈನೆಟ್ ಬಿಟ್ಟುಹೋದ ರಾತ್ರಿ ಅವರು ಅಳುತ್ತಾ ‘ಹಿ ಸ್ಟಾಪ್ಡ್ ಲವಿಂಗ್ ಹರ್ ಟುಡೇ’ (ಅವಳನ್ನು ಪ್ರೀತಿಸೋದನ್ನು ಅವನು ಇವತ್ತು ನಿಲ್ಲಿಸಿದ) ಹಾಡು ಬರೆದರು ಅಂತ. ಇದು ತಪ್ಪು.

ಆ ಹಾಡು ಬರೆದವರು ಬಾಬಿ ಬ್ರ್ಯಾಡಕ್ ಮತ್ತು ಕರ್ಲಿ ಪುಟ್ಮನ್. ರೆಕಾರ್ಡಿನ ಮೇಲೇ ಅವರ ಹೆಸರಿದೆ. ಜೋನ್ಸ್–ವೈನೆಟ್ ವಿಚ್ಛೇದನ ಆದದ್ದು 1975ರಲ್ಲಿ, ಹಾಡು ಬಂದದ್ದು 1980ರಲ್ಲಿ. ಅಷ್ಟೇ ಅಲ್ಲ, ಜೋನ್ಸ್‌ಗೆ ಮೊದಲು ಈ ಹಾಡು ಹಿಡಿಸಿರಲೇ ಇಲ್ಲ. ಇಷ್ಟೊಂದು ಸಾವಿನ ಗೋಳು ಯಾರಿಗೆ ಬೇಕು ಅನ್ನೋದು ಅವರ ತಕರಾರು. ಪಟ್ಟು ಹಿಡಿದು ಹಾಡಿಸಿದವರು ರೆಕಾರ್ಡಿನ ನಿರ್ಮಾಪಕ ಬಿಲ್ಲಿ ಶೆರಿಲ್.

ಹಾಗಾದ್ರೆ ಕೇಳಿದವರಿಗೆ ಗಂಟಲು ಕಟ್ಟೋದು ಯಾಕೆ? ಹಾಡು ಕಟ್ಟಿದ ರೀತಿ ಹಾಗಿದೆ. ಸಾಯೋವರೆಗೂ ಪ್ರೀತಿಸ್ತೀನಿ ಅಂದವನೊಬ್ಬ. ಅವಳ ಹಳೇ ಪತ್ರಗಳನ್ನು ಮಂಚದ ಹತ್ತಿರವೇ ಇಟ್ಟುಕೊಂಡು, ಪ್ರೀತಿಯ ಮಾತು ಬಂದಲ್ಲೆಲ್ಲ ಕೆಂಪು ಗೆರೆ ಎಳೆದಿದ್ದಾನೆ. ಇವತ್ತು ಪ್ರೀತಿ ನಿಲ್ಲಿಸಿದ ಅಂದ್ರೆ ಏನರ್ಥ ಅಂತ ಕೇಳುಗನಿಗೆ ಹೊಳೆಯೋದು ಅವನ ಬಾಗಿಲಿಗೆ ಸಾವಿನ ಗುರುತಾಗಿ ಹೂವಿನ ಹಾರ ಹಾಕಿದಾಗ: ಅವನು ಸತ್ತಿದ್ದಾನೆ. ಅವಳು ಕೊನೇ ಸಲ ನೋಡೋಕೆ ಬರುವ ಭಾಗವನ್ನು ಜೋನ್ಸ್ ಹಾಡೋದೇ ಇಲ್ಲ, ಸುಮ್ನೆ ಮಾತಲ್ಲಿ ಹೇಳ್ತಾರೆ. ನನಗಂತೂ ಅಲ್ಲೇ ಜಾಸ್ತಿ ಚುಚ್ಚೋದು.

ಜೋನ್ಸ್ ಬದುಕಿನಲ್ಲಿ ಕುಡಿತ, ಮುರಿದ ಮದುವೆ ಎಲ್ಲ ಇದ್ದದ್ದು ನಿಜ. ಆ ನೋವು ದನಿಯಲ್ಲಿ ಕೇಳಿಸುತ್ತೆ ಅಂದ್ರೆ ನಾನೂ ಒಪ್ತೀನಿ. ಆದರೆ ಸಾಲುಗಳು ಬೇರೆಯವರದು. ದಯವಿಟ್ಟು ಆ ಮೆಸೇಜ್ ಮುಂದಕ್ಕೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಬ್ರ್ಯಾಡಕ್, ಪುಟ್ಮನ್ ಹೆಸರು ಹಾಕಿ.