ಕ್ಷಯದ ಸಾವು ತಗ್ಗಿಸಲು ಕೆಮ್ಮಿಲ್ಲದವರಿಗೂ ಎಕ್ಸ್‌ರೇ ಬೇಕೇ?

ಪರ

ದಿಂಬಂ ಘಾಟಿಯ 27 ಕಡಿದಾದ ತಿರುವುಗಳನ್ನು ಹತ್ತಿ ತಲುಪುವ ತಾಳವಾಡಿ, ಆಡಳಿತಕ್ಕೆ ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದರೂ ಮನೆಮಾತಿನಲ್ಲಿ ಕನ್ನಡದ ಸೀಮೆ. ಇಲ್ಲಿನ ಕೂಲಿಕಾರರಿಗೆ ಆಸ್ಪತ್ರೆಗೆ ಹೋಗುವುದೆಂದರೆ ಒಂದು ದಿನದ ದುಡಿಮೆ ಬಿಟ್ಟಂತೆ. ವಾರಗಟ್ಟಲೆ ಕೆಮ್ಮಿದರೂ ಅದು ಹೊಗೆಯದೋ ಚಳಿಯದೋ ಎಂದು ಸುಮ್ಮನಾಗುವವರೇ ಹೆಚ್ಚು. 2019–21ರ ರಾಷ್ಟ್ರೀಯ ಕ್ಷಯ ಸಮೀಕ್ಷೆಯಲ್ಲೂ ಲಕ್ಷಣಗಳಿದ್ದವರಲ್ಲಿ ಶೇ. 64ರಷ್ಟು ಮಂದಿ ಚಿಕಿತ್ಸೆಗೆ ಹೋಗಿರಲೇ ಇಲ್ಲ. ಎಕ್ಸ್‌ರೇ ತೆಗೆಯದೆ ಲಕ್ಷಣಗಳನ್ನಷ್ಟೇ ಕೇಳಿದ್ದರೆ ಶೇ. 42.6ರಷ್ಟು ರೋಗಿಗಳು ಕಣ್ತಪ್ಪುತ್ತಿದ್ದರು ಎಂಬುದು ಅದೇ ಸಮೀಕ್ಷೆಯಿಂದ ತಿಳಿದ, ಇನ್ನೂ ಕಳವಳಕಾರಿಯಾದ ಸಂಗತಿ. ತಡವಾಗಿ ಬಂದ ರೋಗಿಗೇ ಸಾವಿನ ಅಪಾಯ ಹೆಚ್ಚು. ಅಷ್ಟರಲ್ಲಿ ಮನೆಮಂದಿಗೂ ಸೋಂಕು ತಗುಲಿರುತ್ತದೆ. ವಿಯೆಟ್ನಾಂನ ಕಾ ಮಾವ್ ಪ್ರಾಂತ್ಯದಲ್ಲಿ, ಲಕ್ಷಣವಿರಲಿ ಇಲ್ಲದಿರಲಿ, ವಯಸ್ಕರೆಲ್ಲರ ಕಫವನ್ನು ಮೂರು ವರ್ಷ ವರ್ಷಕ್ಕೊಮ್ಮೆ ಪರೀಕ್ಷಿಸಿದ ಊರುಗಳಲ್ಲಿ, ಉಳಿದ ಊರುಗಳಿಗಿಂತ ಕ್ಷಯ ಶೇ. 44ರಷ್ಟು ಕಡಿಮೆ ಕಂಡುಬಂತು. ಕೈಯಲ್ಲಿ ಹೊತ್ತೊಯ್ಯಬಹುದಾದ ಎಕ್ಸ್‌ರೇ ಯಂತ್ರ ಇರುವ ಈ ದಿನಗಳಲ್ಲಿ ಅದನ್ನು ಬುಡಕಟ್ಟಿನವರಾದ ಸೋಲಿಗರ ಪೋಡುಗಳಿಗೂ, ಅಂದರೆ ಅವರ ಹಾಡಿಗಳಿಗೂ, ಒಯ್ಯಲೇಬೇಕು.

ವಿರೋಧ

ವಿಯೆಟ್ನಾಂನ ಆ ಅಧ್ಯಯನ ಮುಖ್ಯವಾಗಿ ಅಳೆದದ್ದು ರೋಗದ ಪ್ರಮಾಣವನ್ನು. ನಮ್ಮ ಪ್ರಶ್ನೆ ಸಾವಿನದು. ಎಕ್ಸ್‌ರೇಯಲ್ಲಿ ಕಂಡ ನೆರಳೆಲ್ಲ ಕ್ಷಯವಲ್ಲ, ಖಚಿತಪಡಿಸಲು ಕಫ ಬೇಕು, ಕೆಮ್ಮಿಲ್ಲದವರಿಂದ ಕಫ ಪಡೆಯುವುದು ಎಷ್ಟು ಕಷ್ಟವೆಂಬುದು ಪೋಡು ಸುತ್ತುವ ಆರೋಗ್ಯ ಕಾರ್ಯಕರ್ತೆಯರಿಗೆ ಗೊತ್ತು.

ಅದಕ್ಕಿಂತ ದೊಡ್ಡ ಮಾತೆಂದರೆ, ಚಿಕಿತ್ಸೆಯಲ್ಲಿರುವವರ ಸಾವುಗಳಲ್ಲಿ ದೊಡ್ಡ ಪಾಲು ಸಂಭವಿಸುವುದು ಮಾತ್ರೆ ಶುರುವಾದ ಮೊದಲ ಎರಡು ತಿಂಗಳಲ್ಲಿ, ಅಂದರೆ ರೋಗ ಪತ್ತೆಯಾದ ಮೇಲೆ. ಪಟ್ಟಿಯಲ್ಲಿ ಹೆಸರಿದ್ದು, ಕೈಯಲ್ಲಿ ಮಾತ್ರೆಯಿದ್ದೂ ಜೀವ ಹೋಗುವುದನ್ನು ನಾನು ಸಹಿಸಲಾರೆ. ತಮಿಳುನಾಡು 2022ರಲ್ಲಿ ಆರಂಭಿಸಿದ, ಕ್ಷಯದಿಂದ ಸಾವಿಲ್ಲದಂತೆ ಮಾಡುವ ‘ಕಾಸನೋಯ್ ಇರಪ್ಪಿಲ್ಲಾ ತಿಟ್ಟಂ’ ಕೈಹಾಕಿದ್ದು ಇಲ್ಲಿಗೇ: ಎತ್ತರಕ್ಕೆ ತಕ್ಕ ತೂಕವಿದೆಯೇ, ಉಸಿರಾಟದ ವೇಗವೆಷ್ಟು, ರಕ್ತದಲ್ಲಿ ಆಮ್ಲಜನಕವೆಷ್ಟು, ಕಾಲು ಊದಿದೆಯೇ, ಆಸರೆಯಿಲ್ಲದೆ ನಿಲ್ಲಬಲ್ಲರೇ ಎಂದು ಪ್ರಯೋಗಾಲಯದ ಹಂಗಿಲ್ಲದೆ ನೋಡಿ, ಸ್ಥಿತಿ ಬಿಗಡಾಯಿಸಿದವರನ್ನು ತಡಮಾಡದೆ ಆಸ್ಪತ್ರೆಗೆ ದಾಖಲಿಸುವುದು ಅದರ ಕ್ರಮ. ತೂಕದ ಯಂತ್ರಕ್ಕೂ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿಗೂ ತಗಲುವ ಖರ್ಚು ಅತಿ ಕಡಿಮೆ.

ಹಸಿವಿನ ವಿಷಯವನ್ನಂತೂ ಎಕ್ಸ್‌ರೇ ಮುಟ್ಟುವುದೇ ಇಲ್ಲ. ಜಾರ್ಖಂಡ್‌ನಲ್ಲಿ ಕ್ಷಯರೋಗಿಗಳ ಮನೆಗೆ ಆಹಾರದ ಪೊಟ್ಟಣ ಕೊಟ್ಟು ನಡೆಸಿದ, 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ತಿಂಗಳೊಳಗೆ ತೂಕ ಶೇ. 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ಶೇ. 61ರಷ್ಟು ಕಡಿಮೆಯಿತ್ತು. ಎಲ್ಲರಿಗೂ ಎಕ್ಸ್‌ರೇ ತೆಗೆಯುವ ಹಣವಿದ್ದರೆ ಮೊದಲು ಅದರಲ್ಲಿ ಈಗಾಗಲೇ ಪತ್ತೆಯಾದವರಿಗೆ ತಿಂಗಳ ದಿನಸಿ, ಘಾಟಿ ಇಳಿಯಲಾರದ ರೋಗಿಗೆ ಬೆಟ್ಟದ ಮೇಲೆಯೇ ಆಮ್ಲಜನಕದ ಹಾಸಿಗೆ, ಜೊತೆಗೆ ಕನ್ನಡದಲ್ಲಿ ವಿಚಾರಿಸುವ ಒಬ್ಬ ನರ್ಸ್ ಒದಗಲಿ.